ಕೈ ಜಾರಿತು, ವೀಣೆಗೆ ಪೆಟ್ಟಾಯಿತು: ಮುಂದೇನು?

ದಸರೆಗೆ ಗೊಂಬೆ ಕೂರಿಸಲು ಜಾಗ ಮಾಡುವಾಗ ಹೆಂಡತಿಯ ವೀಣೆ ಉರುಳುತ್ತದೆ. ಯುಗಾದಿಗೆ ಮನೆ ಒರೆಸುವಾಗ ಗಂಡನ ರೆಕಾರ್ಡ್ ಪ್ಲೇಯರಿನ ಮುಳ್ಳಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬೇಕೆಂದು ಯಾರೂ ಮಾಡುವುದಿಲ್ಲ; ಮನೆಗೆಲಸದ ಓಡಾಟದಲ್ಲಿ, ಒಳ್ಳೆಯ ಮನಸ್ಸಿನ ಕೈಯಿಂದಲೇ ಆಗಿಹೋಗುತ್ತದೆ. ಬಿದ್ದ ಪೆಟ್ಟನ್ನು ಬಹಳ ಸಲ ಸರಿಪಡಿಸಬಹುದು. ಬಿದ್ದ ಮೇಲೆ ಗಾಬರಿಯಲ್ಲಿ ಹಚ್ಚಿದ ಅಂಟನ್ನೂ ಮುಚ್ಚಿಟ್ಟ ದಿನಗಳನ್ನೂ ಸರಿಪಡಿಸುವುದು ಕಷ್ಟ. ಕೆಳಗಿನ ಸೂತ್ರಗಳೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿವೆ: ಪೆಟ್ಟಾದ ಗಳಿಗೆಯಿಂದ ಆ ವಾದ್ಯದ ಬಗ್ಗೆ ತೀರ್ಮಾನ ಮಾಡಬೇಕಾದವರು ಅದರ ಒಡೆಯರು, ಬೀಳಿಸಿದವರಲ್ಲ.

1. ಮೊದಲು ಕೈ ಹಿಂದಕ್ಕೆ ತೆಗೆದುಕೊಳ್ಳಿ.
ಬಿದ್ದ ತಕ್ಷಣ ಎತ್ತಿ ನಿಲ್ಲಿಸುವುದು ಎಲ್ಲರ ಸಹಜ ಅಭ್ಯಾಸ. ಬೇಡ. ದಂಡಿಯಲ್ಲಿ, ಎಂದರೆ ಉದ್ದನೆಯ ಕತ್ತಿನಲ್ಲಿ, ಬಿರುಕು ಬಿಟ್ಟ ವೀಣೆಯನ್ನು ದಂಡಿ ಹಿಡಿದು ಎತ್ತಿದರೆ ಬಿರುಕು ಸೀಳಾಗುತ್ತದೆ. ಬಿದ್ದ ಭಂಗಿಯಲ್ಲೇ ಒಂದೆರಡು ಫೋಟೋ ತೆಗೆದುಕೊಳ್ಳಿ. ಆಮೇಲೆ ಇನ್ನೊಬ್ಬರನ್ನು ಕರೆದು ದುಂಡನೆಯ ಕೊಡಕ್ಕೊಂದು ಕೈ, ದಂಡಿಗೊಂದು ಕೈ ಕೊಟ್ಟು ಚಾಪೆಯ ಮೇಲೆ ಮಲಗಿಸಿ. ಕರೆಂಟಿನ ಉಪಕರಣವಾದರೆ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಹಳೆಯ ವಾಲ್ವ್ ಆಂಪ್ಲಿಫೈಯರ್ ಆಗಿದ್ದರೆ ಅದರ ಹೊದಿಕೆ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು.

2. ಚೂರು ಚೂರೂ ಆಯ್ದಿಡಿ.
ಮೇಣದ ತುಣುಕು, ಬುರುಡೆಯ ಚಕ್ಕೆ, ಬಿರಡೆಯ ತುದಿ, ಸಣ್ಣ ಸ್ಕ್ರೂ ಎಲ್ಲ ಒಂದು ಡಬ್ಬಿಗೆ ಹೋಗಲಿ. ಪೊರಕೆ ಆಮೇಲೆ.

3. ಅವತ್ತೇ ಹೇಳಿ, ನೀವೇ ಹೇಳಿ.
ಇದೊಂದು ಸೂತ್ರ ಪಾಲಿಸಿದರೆ ಉಳಿದವು ಹಗುರವಾಗುತ್ತವೆ. ನುಡಿಸುವವರ ಕಿವಿಯಿಂದ ಪೆಟ್ಟನ್ನು ಬಚ್ಚಿಡಲು ಆಗುವುದಿಲ್ಲ. ಮೊದಲ ಮೀಟಿಗೇ ಝರ್ ಎನ್ನುವ ಸದ್ದು ಅವರಿಗೆ ಗೊತ್ತಾಗುತ್ತದೆ. ಆಗ ಅವರು ತಮ್ಮ ಕೈಯನ್ನೇ ಅನುಮಾನಿಸುತ್ತಾರೆ, ತಂತಿ ಬದಲಿಸುತ್ತಾರೆ, ಶ್ರುತಿ ಮಾಡಿ ಮಾಡಿ ಸೋಲುತ್ತಾರೆ. ಅಷ್ಟು ದಿನ ನೀವು ಸುಮ್ಮನಿದ್ದಿರಿ ಎಂದು ತಿಳಿದಾಗ ಆಗುವ ನೋವು ಬಿರುಕಿಗಿಂತ ದೊಡ್ಡದು. ಅವರು ಆಫೀಸಿನಲ್ಲಿದ್ದರೆ ಮೀಟಿಂಗ್ ನಡುವೆ ಫೋಟೋ ಕಳಿಸಬೇಡಿ. ಮನೆಗೆ ಬಂದು ಕೈಕಾಲು ತೊಳೆದು ಕೂತ ಮೇಲೆ ಮಕ್ಕಳನ್ನು ಆಚೆ ಕಳಿಸಿ ಎದುರಿಗೇ ಹೇಳಿ. ಮಾತು ಚಿಕ್ಕದಾಗಿರಲಿ: "ಬೀರು ಸರಿಸುವಾಗ ನಿನ್ನ ವೀಣೆ ಬೀಳಿಸಿಬಿಟ್ಟೆ. ದಂಡಿ, ಕೊಡ ಸೇರುವಲ್ಲಿ ಗೆರೆ ಕಾಣ್ತಿದೆ. ನಾನೇನೂ ಮಾಡಿಲ್ಲ, ಮಲಗಿಸಿದ್ದೀನಿ. ನೀನೇ ನೋಡು." ಹೆಂಡತಿ ಹೇಳುವುದಾದರೂ ಅಷ್ಟೇ: "ರೀ, ಒರೆಸೋವಾಗ ಮುಳ್ಳು ಬಾಗಿತು. ನನ್ನ ಕೈಯಿಂದಲೇ ಆಯ್ತು." ಅದು ಅಲ್ಲಿ ಯಾಕಿತ್ತು, ಕೆಲಸದವಳು ಯಾಕೆ ಸರಿಸಿದಳು, ಮಗು ಯಾಕೆ ಅಡ್ಡ ಬಂತು ಎಂಬ ಮಾತುಗಳು ಅವತ್ತಿಗೆ ಬೇಡ.

4. "ಹೊಸದು ಕೊಡಿಸ್ತೀನಿ" ಎಂದು ಬಾಯಿ ಹಾಕಬೇಡಿ.
ಕೆನಡಾ ಮೂಲದ ಪಿಯಾನೋ ವಾದಕಿ ಏಂಜೆಲಾ ಹ್ಯೂಯಿಟ್ ಅವರ ಫಾಜಿಯೋಲಿ ಎಫ್278 ಪಿಯಾನೋ 2020ರ ಜನವರಿಯಲ್ಲಿ ಬರ್ಲಿನ್ನಿನ ಸ್ಟುಡಿಯೋದಿಂದ ಸಾಗಿಸುವಾಗ ಬಿತ್ತು. ಅವರು ಆಗಷ್ಟೇ ಬೀಥೋವನ್ ಕೃತಿಗಳ ಧ್ವನಿಮುದ್ರಣ ಮುಗಿಸಿದ್ದರು. ಸಾಗಿಸಿದವರೇ ಒಳಗೆ ಬಂದು ನಡೆದದ್ದನ್ನು ಹೇಳಿದರು. ಪಿಯಾನೋದ ಕಬ್ಬಿಣದ ಚೌಕಟ್ಟೇ ಮುರಿದಿತ್ತು; ಪರೀಕ್ಷಿಸಿದ ತಯಾರಕರು ಅದನ್ನು ಉಳಿಸುವುದು ಸಾಧ್ಯವಿಲ್ಲ ಎಂದರು. ಅದೇ ಮಾದರಿಯ ಇನ್ನೊಂದು ಪಿಯಾನೋ ಪಡೆಯಬಲ್ಲ ಕಲಾವಿದೆ ಆಕೆ. ಆದರೂ ಆ ನಷ್ಟವನ್ನು ಹೊರಗೆ ಹೇಳಿಕೊಳ್ಳಲು ಅವರಿಗೆ ಹತ್ತು ದಿನ ಬೇಕಾಯಿತು.

ನಮ್ಮ ಮನೆಗಳಲ್ಲೂ ಹಾಗೆಯೇ. ತವರಿನಿಂದ ಬಂದ ವೀಣೆಯ ಜೊತೆ ಅಪ್ಪ ಸಾಲ ಮಾಡಿ ಕೊಡಿಸಿದ ನೆನಪಿರುತ್ತದೆ, ಪಾಠ ಹೇಳಿದವರ ಕೈ ಮುಟ್ಟಿದ ಸ್ವರದ ಮೆಟ್ಟಿಲುಗಳಿರುತ್ತವೆ. ಮದುವೆಯಾದ ಮೇಲೆ ಅಡುಗೆ, ಬಾಣಂತನ, ನೌಕರಿಯ ನಡುವೆ ವೀಣೆಯನ್ನು ಅಟ್ಟಕ್ಕೆ ಹಾಕಿ, ವರ್ಷಗಳ ಮೇಲೆ ಮತ್ತೆ ಇಳಿಸಿದ ಹೆಣ್ಣುಮಕ್ಕಳು ಎಷ್ಟೋ ಜನ. ಹಾಗೆ ಇಳಿಸಿದ ವೀಣೆಗೆ ಪೆಟ್ಟಾದಾಗ "ಅದಕ್ಕೇನೀಗ, ಹೊಸದು ತರೋಣ" ಎಂದರೆ ಅವರು ಅಷ್ಟು ಕಷ್ಟಪಟ್ಟು ಮರಳಿ ಪಡೆದದ್ದನ್ನೇ ಅಲ್ಲಗಳೆದಂತೆ. ದುಡ್ಡಿನ ಮಾತು ಬರಲಿ. ಅದನ್ನು ಅವರೇ ಎತ್ತಲಿ. ಖರ್ಚು ಮಾತ್ರ ತಕರಾರಿಲ್ಲದೆ ನಿಮ್ಮದು.

5. ಅಂಟಿನ ಟ್ಯೂಬು ದೂರ ಇಡಿ.
ಫೆವಿಕ್ವಿಕ್, ಎಂ-ಸೀಲ್ ಎರಡೂ ವಾದ್ಯದ ಹತ್ತಿರ ಬರಬಾರದು. ಹಳೆಯ ವಾದ್ಯಗಳ ಬೆಸುಗೆಯಲ್ಲಿ ಕಾಯಿಸಿ ಹಚ್ಚುವ ಅಂಟು ಇದ್ದರೆ, ಬಿಸಿ ಮತ್ತು ತೇವ ಕೊಟ್ಟು ಅದನ್ನು ಬಿಡಿಸಿ ಮತ್ತೆ ಕೂಡಿಸಬಹುದು. ದಿಢೀರ್ ಅಂಟು ಮರದ ರಂಧ್ರಕ್ಕೆ ಇಳಿದು ಗಟ್ಟಿಯಾದರೆ ಬೇರೆ ಯಾವ ಅಂಟೂ ಅಲ್ಲಿ ಹಿಡಿಯುವುದಿಲ್ಲ. ಕೆತ್ತಿ ತೆಗೆಯಬೇಕು, ಕೆತ್ತಿದಷ್ಟು ಮರ ಹೋಯಿತು.

6. ವೀಣೆಯನ್ನು ಒಡತಿಯ ಜೊತೆ ಕೂತು ನೋಡಿ.
ಟಾರ್ಚನ್ನು ಮೇಲಿನಿಂದ ಬಿಡಬೇಡಿ. ದಂಡಿಯ ಉದ್ದಕ್ಕೂ ಪಕ್ಕದಿಂದ ಬೆಳಕು ಬೀರಿ. ಕೂದಲೆಳೆಯ ಬಿರುಕೂ ಆಗ ನೆರಳಿನ ಗೆರೆಯಾಗಿ ಕಾಣುತ್ತದೆ. ಮೊದಲು ದಂಡಿ ಮತ್ತು ಕೊಡ ಸೇರುವ ಜಾಗ. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆಯಲ್ಲಿ ಈ ಬೆಸುಗೆ ಇರುವುದಿಲ್ಲ, ಉಳಿದವುಗಳಲ್ಲಿ ಪೆಟ್ಟು ಹೆಚ್ಚಾಗಿ ಇಲ್ಲೇ ಕೂರುತ್ತದೆ. ಆಮೇಲೆ ತಂತಿಗಳನ್ನು ಹೊತ್ತ ಕುದುರೆ ಸರಿದಿದೆಯೇ, ಶ್ರುತಿಗೆ ತಿರುಗಿಸುವ ಬಿರಡೆಗಳು ನೆಟ್ಟಗಿವೆಯೇ ನೋಡಿ. ಕಡೆಗೆ ಮೇಣ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಜೇನುಮೇಣಕ್ಕೆ ಕರಿಪುಡಿ ಬೆರೆಸಿದ ಕಪ್ಪು ಮೇಣದ ಸಾಲಿನ ಮೇಲೆ. ಬಿದ್ದಾಗ ಆ ಸಾಲು ಅಲ್ಲಲ್ಲಿ ಸೀಳಿ ಮೆಟ್ಟಿಲು ಅಲುಗಾಡುತ್ತದೆ. ಹೆಬ್ಬೆರಳಿನಿಂದ ಒತ್ತಿ ಕೂರಿಸುವ ಆಸೆಯಾಗುತ್ತದೆ, ಒತ್ತಬೇಡಿ. ಮೆಟ್ಟಿಲು ಒಂದು ಎಳೆ ಆಚೀಚೆಯಾದರೂ ಆ ಸ್ವರ ಬರುವ ಪ್ರತಿ ರಾಗದಲ್ಲೂ ಅಪಸ್ವರ. ಕಸುಬು ಬಲ್ಲವರು ಮೇಣ ಕಾಯಿಸಿ, ತಂತಿ ಮೀಟಿ ಮೀಟಿ ಕೇಳುತ್ತ, ಒಂದೊಂದೇ ಮೆಟ್ಟಿಲನ್ನು ಅದರ ಸ್ವರದ ಮೇಲೆ ಕೂರಿಸುತ್ತಾರೆ.

ದಂಡಿ ಬಿರುಕು ಬಿಟ್ಟಿದ್ದರೆ ತಂತಿಗಳ ಎಳೆತ ಅದನ್ನು ಇನ್ನಷ್ಟು ಸೀಳುತ್ತದೆ. ನಾಲ್ಕು ಮುಖ್ಯ ತಂತಿ, ಮೂರು ತಾಳದ ತಂತಿ, ಏಳನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಅದನ್ನು ಒಡತಿಯೇ ಮಾಡಲಿ, ನೀವು ಕುದುರೆ ಹಿಡಿದುಕೊಳ್ಳಿ. ಒಡೆದದ್ದು ದಂಡಿಯ ಇನ್ನೊಂದು ತುದಿಯ ಕೆಳಗಿನ ಬುರುಡೆ ಮಾತ್ರವಾದರೆ ದೇವರು ದೊಡ್ಡವನು. ಅದನ್ನು ಬಿಚ್ಚಿ ಬೇರೆಯದನ್ನು ಹಾಕಬಹುದು.

7. ತಂಬೂರಿಯ ಬುರುಡೆ ಸೀಳಿತೆಂದು ಕೈಚೆಲ್ಲಬೇಡಿ.
ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಮಹಾರಾಷ್ಟ್ರದ ಮೀರಜ್ ದೂರವಲ್ಲ. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸೋರೆಬುರುಡೆಯನ್ನು ಕೂಡಿಸುವ, ಜವಾರಿ, ಎಂದರೆ ಕುದುರೆಯ ಮೇಲ್ಮೈಯ ಇಳಿಜಾರು, ತಿದ್ದುವ ಮನೆತನಗಳು ಅಲ್ಲಿವೆ. ಮೃದಂಗಕ್ಕೂ ಅಷ್ಟೇ, ಕೈಚೆಲ್ಲಬೇಡಿ: ಮುಚ್ಚಿಗೆ ನೆನೆದರೆ ಒರೆಸಿ ನೆರಳಲ್ಲಿ ಒಣಗಿಸಿ. ಒಲೆಯ ಪಕ್ಕ ಇಡಬೇಡಿ.

8. ಬಾಗಿದ ಮುಳ್ಳನ್ನು ನೆಟ್ಟಗೆ ಮಾಡಲು ಹೋಗಬೇಡಿ.
ರೆಕಾರ್ಡ್ ಪ್ಲೇಯರಿನ ಮುಳ್ಳು ಎಂದರೆ ತೀರಾ ಸಪೂರವಾದ, ಸಾಮಾನ್ಯವಾಗಿ ಅಲ್ಯೂಮಿನಿಯಂನ ಕೊಳವೆ, ಅದರ ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದ ವಜ್ರದ ಚೂರು. ಚಿಮುಟದಿಂದ ತಿದ್ದಿದರೆ ಕೊಳವೆ ಮುರಿಯುತ್ತದೆ. ಮುರಿಯದೆ ಓರೆಯಾಗಿ ಉಳಿದರೆ ಇನ್ನೂ ಕೆಟ್ಟದ್ದು: ಹಾಕಿದ ಪ್ರತಿ ರೆಕಾರ್ಡಿನ ಗೆರೆಯನ್ನೂ ಅದು ಗೀರುತ್ತದೆ. ಸಮಾಧಾನದ ಸಂಗತಿ ಏನೆಂದರೆ, ಮನೆಗಳಲ್ಲಿರುವ ಮೂವಿಂಗ್ ಮ್ಯಾಗ್ನೆಟ್ ಜಾತಿಯ ಹೆಚ್ಚಿನ ಕಾರ್ಟ್ರಿಜ್‌ಗಳಲ್ಲಿ ಮುಳ್ಳಿನ ಭಾಗವನ್ನಷ್ಟೇ ಎಳೆದು ತೆಗೆದು ಹೊಸದನ್ನು ಸಿಕ್ಕಿಸಬಹುದು. ಮೂವಿಂಗ್ ಕಾಯಿಲ್ ಆದರೆ ಸಾಮಾನ್ಯವಾಗಿ ಇಡೀ ಕಾರ್ಟ್ರಿಜ್ಜೇ ಹೋಗಬೇಕು, ಖರ್ಚು ಹೆಚ್ಚು. ಕಾರ್ಟ್ರಿಜ್ ಮೇಲಿನ ಹೆಸರು, ನಂಬರನ್ನು ಸರಿಯಾಗಿ ಬರೆದುಕೊಳ್ಳಿ. ಹೊಸ ಮುಳ್ಳು ಬಂದ ಮೇಲೆ ಅದು ರೆಕಾರ್ಡಿನ ಮೇಲೆ ಹಾಕುವ ಭಾರವನ್ನು ಆ ಕಾರ್ಟ್ರಿಜ್‌ಗೆ ಹೇಳಿದಷ್ಟೇ ಇಡಬೇಕು; ಬಹಳಷ್ಟಕ್ಕೆ ಅದು 1.5ರಿಂದ 2 ಗ್ರಾಂ. ಕಡಿಮೆ ಇಟ್ಟರೆ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಹಗುರಾದ ಮುಳ್ಳು ಗೆರೆಯಲ್ಲಿ ಕುಣಿದು ಗೋಡೆ ಕೆಡಿಸುತ್ತದೆ.

9. ರೆಕಾರ್ಡು ಯಾವ ಕಾಲದ್ದು ತಿಳಿದುಕೊಂಡು ಮುಟ್ಟಿ.
1948ರಿಂದ ಈಚೆಗೆ ಬಂದ ಎಲ್‌ಪಿಗಳು ವಿನೈಲ್‌ನವು. ಬಿಸಿಲಿಗೆ ಸೊಟ್ಟಗಾಗುತ್ತವೆ, ಇಸ್ತ್ರಿ ಹಾಕಿದರೆ ಹಾಳಾಗುತ್ತವೆ. ಅದಕ್ಕೂ ಹಿಂದಿನ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳಲ್ಲಿ ಇರುವುದು ಅರಗು. ಕೈ ಜಾರಿದರೆ ಒಡೆಯುತ್ತವೆ, ಸ್ಪಿರಿಟ್ ಹಾಕಿ ಒರೆಸಿದರೆ ಕರಗುತ್ತವೆ. ಒಡೆದರೂ ಲೇಬಲ್ ಇರುವ ಚೂರನ್ನು ಎಸೆಯಬೇಡಿ. ಅದರ ಮೇಲಿನ ನಂಬರ್ ಹಿಡಿದು ಮುಂಬೈನ ಚೋರ್ ಬಜಾರಿನಲ್ಲೋ ಬೆಂಗಳೂರಿನ ಭಾನುವಾರದ ಸಂತೆಯಲ್ಲೋ ಅದೇ ಪ್ಲೇಟಿನ ಇನ್ನೊಂದು ಪ್ರತಿ ಹುಡುಕಬಹುದು.

10. ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿದರೆ ಪ್ಲಗ್, ಬ್ಯಾಟರಿ ತೆಗೆದು ಟವೆಲ್ ಮೇಲೆ ಬೋರಲು ಹಾಕಿ.
ಅಕ್ಕಿ ಡಬ್ಬಿ, ಹೇರ್ ಡ್ರೈಯರ್ ಎರಡೂ ಬೇಡ. ಒಣಗಿ ನುಡಿದರೂ ರಿಪೇರಿಯವರಿಗೆ ತೋರಿಸಿ. ಹಾಲು, ಸಕ್ಕರೆ ಕೀಗಳ ಕೆಳಗೆ ಅಂಟಾಗಿ ಕೂತಿರುತ್ತವೆ.

11. ರಿಪೇರಿಗೆ ನೀವೊಬ್ಬರೇ ಹೊರಡಬೇಡಿ.
ಎಲ್ಲಿಗೆ ಕೊಡಬೇಕು, ಮೆರುಗು ಹೊಸದಾಗಿ ಹಾಕಿಸಬೇಕೇ, ಹಳೆಯ ಕಲೆ ಹಾಗೇ ಇರಲೇ ಎನ್ನುವುದೆಲ್ಲ ಅವರ ಇಷ್ಟ. ಅವರ ಪಾಠದ ಮೇಷ್ಟ್ರನ್ನೋ ಟೀಚರನ್ನೋ ಕೇಳಿದರೆ ನಂಬಿಕಸ್ಥರ ವಿಳಾಸ ಸಿಗುತ್ತದೆ. ನಿಮ್ಮ ಕೆಲಸ ಬೇರೆ ಇದೆ: ರಜೆ ಹಾಕುವುದು, ವೀಣೆ ಮಲಗಿಸುವಷ್ಟು ಜಾಗವಿರುವ ಗಾಡಿ ಹೊಂದಿಸುವುದು, ಸೀಟಿನ ಮೇಲೆ ಹಳೇ ಕಂಬಳಿ ಹಾಸುವುದು. ರಿಪೇರಿಗೆ ವಾರಗಳೇ ಹಿಡಿಯಬಹುದು. ಅಷ್ಟು ದಿನ ಸಾಧನೆ ನಿಲ್ಲದಂತೆ ಗೊತ್ತಿರುವವರಿಂದ ಒಂದು ವೀಣೆ ಕೇಳಿ ತನ್ನಿ. ಈ ಓಡಾಟ ಕ್ಷಮೆಯ ಮಾತಿಗಿಂತ ಆಳಕ್ಕೆ ತಲುಪುತ್ತದೆ ಎಂಬುದು ನನ್ನ ದೃಢ ನಂಬಿಕೆ.

12. ಅವರ ಸಿಟ್ಟಿಗೆ ಗಡುವು ಹಾಕಬೇಡಿ.
"ಸಾರಿ ಕೇಳಿದ್ದಾಯ್ತಲ್ಲ" ಎನ್ನುವ ಮಾತು ಬೇಡ.

13. ವಾದ್ಯ ಮನೆಗೆ ಬರುವ ಮೊದಲು ಜಾಗ ಬದಲಿಸಿ.
ವೀಣೆಯನ್ನು ಬಾಗಿಲ ಹಿಂದೆ ಗೋಡೆಗೆ ಒರಗಿಸಬೇಡಿ, ಕಿಟಕಿಯ ಬಿಸಿಲಿಗೂ ಇಡಬೇಡಿ. ಬೇಸಿಗೆಯಲ್ಲಿ ಅಟ್ಟದ ಕಾವಿಗೆ ಮೇಣ ಮೆದುವಾಗಿ ಮೆಟ್ಟಿಲು ಜರುಗುತ್ತದೆ. ಓಡಾಟವಿಲ್ಲದ ಮೂಲೆಯಲ್ಲಿ ಚಾಪೆ ಹಾಸಿ, ಗವಸು ಹಾಕಿ ಮಲಗಿಸುವುದೇ ಲೇಸು. ರೆಕಾರ್ಡ್ ಪ್ಲೇಯರಿನ ಮುಚ್ಚಳದ ಹೊರಗಿನ ದೂಳು ಯಾರಾದರೂ ಒರೆಸಲಿ, ಒಳಗಿನದು ಒಡೆಯರಿಗೇ ಬಿಡಿ. ಮುಳ್ಳಿಗೆ ಬಟ್ಟೆ ತಗಲಬಾರದು, ಮೆತ್ತನೆಯ ಬ್ರಷ್ಷನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಆಡಿಸಬೇಕು. ಒಂದು ಚೀಟಿಯಲ್ಲಿ ರಿಪೇರಿಯವರ ಫೋನ್ ನಂಬರ್, ತಂತಿಗಳ ಗೇಜು, ಕಾರ್ಟ್ರಿಜ್ ನಂಬರ್, ರಿಪೇರಿ ಮಾಡಿಸಿದ ತಾರೀಖು ಬರೆದು ಪೆಟ್ಟಿಗೆಯೊಳಗೆ ಅಂಟಿಸಿ.