ಡಾಕ್ಯುಮೆಂಟರಿ ಪ್ರಾಜೆಕ್ಟ್ ಮಾಡ್ತಿದ್ದೀರಾ? ಆ ಒಂದು ಪ್ರಶ್ನೆ ಕೇಳಬೇಡಿ

ಪತ್ರಿಕೋದ್ಯಮ, ವಿದ್ಯುನ್ಮಾನ ಮಾಧ್ಯಮ ಓದುವವರಿಗೆ ಕೊನೆಯ ಸೆಮಿಸ್ಟರ್ ಎಂದರೆ ಪ್ರಾಜೆಕ್ಟ್. ಹತ್ತು ನಿಮಿಷದ ಸಾಕ್ಷ್ಯಚಿತ್ರ, ಜೊತೆಗೊಂದು ಪ್ರಬಂಧ. ವೈವಾಕ್ಕೆ ಕೂತಾಗ ಬಹುತೇಕ ಕಾಣುವುದು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕೆಲಸ. ಪ್ರಬಂಧದ ಮೊದಲರ್ಧ ಪೂರ್ತಿ ಮೆಕ್ಲೂಹನ್, ಅಜೆಂಡಾ ಸೆಟ್ಟಿಂಗ್, ಸ್ಟುವರ್ಟ್ ಹಾಲ್. ಚಿತ್ರದಲ್ಲಿ ಅವರ ಸುಳಿವೇ ಇರುವುದಿಲ್ಲ. ‘ಈ ಥಿಯರಿ ಓದಿದ್ದರಿಂದ ನಿನ್ನ ಚಿತ್ರದಲ್ಲಿ ಏನು ಬದಲಾಯಿತಪ್ಪ?’ ಎಂದರೆ ಹುಡುಗ ಗೈಡ್ ಮುಖ ನೋಡುತ್ತಾನೆ, ಗೈಡ್ ಫ್ಯಾನ್ ನೋಡುತ್ತಾರೆ.

ಇದನ್ನು ಸರಿಪಡಿಸಲು ದೊಡ್ಡ ಕ್ಯಾಮೆರಾ ಬೇಡ, ಕೆಲಸದ ಕ್ರಮ ಬದಲಿಸಿದರೆ ಸಾಕು.

ಮೊದಲು ಜಾಗ, ಆಮೇಲೆ ವಿಷಯ

‘ಕನ್ನಡ ಸುದ್ದಿ ವಾಹಿನಿಗಳು ಮತ್ತು ಸಮಾಜ’ ಎಂಬ ಶೀರ್ಷಿಕೆಯನ್ನು ಇವತ್ತೇ ಹೊಡೆದುಹಾಕಿ. ನಿಮ್ಮೂರಿನ ಒಂದು ಕಟಿಂಗ್ ಶಾಪ್ ಆರಿಸಿಕೊಳ್ಳಿ. ಕೋಲಾರದ ಕಡೆಯದು ಎಂದಿಟ್ಟುಕೊಳ್ಳೋಣ. ಹಿಂಬದಿ ಗೋಡೆಯ ಮೇಲೆ ಟಿವಿ, ಸುದ್ದಿ ವಾಹಿನಿ ಓಡುತ್ತಿದೆ, ಆದರೆ ಮ್ಯೂಟ್. ಪೌಡರ್ ಡಬ್ಬಿ ಪಕ್ಕದ ಎಫ್‌ಎಂನಲ್ಲಿ ಸಿನಿಮಾ ಹಾಡು. ಕುರ್ಚಿಯಲ್ಲಿ ಕೂತವರು ಸುದ್ದಿ ನೋಡುವುದು ಕನ್ನಡಿಯಲ್ಲಿ, ಹಾಗಾಗಿ ಕೆಂಪು ಪಟ್ಟಿಯ ಅಕ್ಷರಗಳೆಲ್ಲ ತಿರುಗುಮುರುಗು. ಆದರೂ ಕತ್ತಿನ ಬಟ್ಟೆ ಬಿಚ್ಚುವ ಹೊತ್ತಿಗೆ ಸುದ್ದಿ ಏನು, ತಪ್ಪು ಯಾರದು ಎಂಬ ತೀರ್ಪು ಅವರಲ್ಲಿ ತಯಾರಾಗಿರುತ್ತದೆ. ಶಬ್ದವಿಲ್ಲ, ಅಕ್ಷರ ಓದಲಾಗುವುದಿಲ್ಲ, ಅರ್ಥ ಎಲ್ಲಿಂದ ಬಂತು? ನಿಮ್ಮ ಪ್ರಾಜೆಕ್ಟ್‌ಗೆ ಇದೊಂದೇ ಪ್ರಶ್ನೆ ಸಾಕು.

ಮೊದಲ ಕೆಲವು ಭೇಟಿಗಳಲ್ಲಿ ಕ್ಯಾಮೆರಾ ಒಯ್ಯಬೇಡಿ. ಭಾನುವಾರದ ಗದ್ದಲ ಬೇರೆ, ವಾರದ ಮಧ್ಯಾಹ್ನದ ಮೌನ ಬೇರೆ. ಮಂಗಳವಾರ ಬಹಳ ಕಡೆ ರಜೆ, ನೆನಪಿರಲಿ.

ಥಿಯರಿ ಒಂದೇ ಸಾಕು

ಮೆಕ್ಲೂಹನ್ ಅವರ ‘ಅಂಡರ್‌ಸ್ಟ್ಯಾಂಡಿಂಗ್ ಮೀಡಿಯಾ’ 1964ರದು. ಮೆಕೂಂಬ್ಸ್ ಮತ್ತು ಶಾ ಅವರ ಅಜೆಂಡಾ ಸೆಟ್ಟಿಂಗ್ ಲೇಖನ 1972ರದು. ಪರೀಕ್ಷೆಗೆ ಓದಿಕೊಳ್ಳಿ, ಇಲ್ಲಿಗೆ ಎಳೆದು ತರಬೇಡಿ. ಈ ಕಟಿಂಗ್ ಶಾಪಿಗೆ ಒಗ್ಗುವುದು ಸ್ಟುವರ್ಟ್ ಹಾಲ್ 1973ರಲ್ಲಿ ಬರೆದ ಎನ್‌ಕೋಡಿಂಗ್–ಡಿಕೋಡಿಂಗ್ ಪ್ರಬಂಧ. ವಾಹಿನಿ ಒಂದು ಅರ್ಥವಿಟ್ಟು ಕಳಿಸುತ್ತದೆ. ನೋಡುಗ ಅದನ್ನು ಹಾಗೇ ಒಪ್ಪಬಹುದು, ಅರ್ಧ ಒಪ್ಪಿ ಅರ್ಧ ಚೌಕಾಶಿ ಮಾಡಬಹುದು, ಇಲ್ಲವೇ ಪೂರ್ತಿ ಎದುರಾಗಿ ಓದಬಹುದು.

ಟೊಮೆಟೊ ಬೆಲೆ ಏರಿದ ಸುದ್ದಿ ಬರುತ್ತಿದೆ ಎನ್ನಿ. ‘ಹೌದು ಕಣ್ರೀ, ಮುಟ್ಟೋ ಹಾಗಿಲ್ಲ’ ಎಂದವರು ವಾಹಿನಿಯ ಜೊತೆಗಿದ್ದಾರೆ. ‘ದುಬಾರಿ ನಿಜ, ನಮ್ಮ ಸಂತೇಲಿ ಅಷ್ಟಿಲ್ಲಪ್ಪ’ ಎಂದವರದು ಚೌಕಾಶಿ. ‘ಏರಿದಾಗ ಮಾತ್ರ ಇವರಿಗೆ ಸುದ್ದಿ, ನಾವು ರೋಡಿಗೆ ಸುರಿದಾಗ ಎಲ್ಲಿ ಹೋಗಿರ್ತಾರೆ?’ ಎನ್ನುವ ಬೆಳೆಗಾರ ಮೂರನೆಯವನು. ಹಾಲ್ ಹೆಸರು ಕೇಳದಿದ್ದರೂ ಅವನಿಗೆ ಈ ವಿದ್ಯೆ ಗೊತ್ತು.

ಆ ಪ್ರಶ್ನೆ

ಈಗ ನನ್ನ ರಕ್ತ ಕುದಿಸುವ ವಿಚಾರಕ್ಕೆ ಬರುತ್ತೇನೆ. ವರ್ಷವರ್ಷವೂ ಮೈಕ್ ಮುಂದೆ ಹಿಡಿದು ಕೇಳುವ ಪ್ರಶ್ನೆ ಒಂದೇ: ‘ಮಾಧ್ಯಮಗಳು ಸಮಾಜದ ಮೇಲೆ ಯಾವ ಪರಿಣಾಮ ಬೀರುತ್ತಿವೆ?’ ಇಷ್ಟು ಹೊತ್ತು ಚೆನ್ನಾಗಿ ಹರಟುತ್ತಿದ್ದ ಮನುಷ್ಯ ತಟ್ಟನೆ ನೆಟ್ಟಗೆ ಕೂತು, ಭಾಷಣದ ಕನ್ನಡಕ್ಕೆ ಹೊರಳಿ, ‘ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ, ನಾವು ಬಳಸುವುದರ ಮೇಲೆ ಅವಲಂಬಿಸಿದೆ’ ಎನ್ನುತ್ತಾನೆ. ಮುಂದಿನವರನ್ನು ಕೇಳಿ, ಅದೇ ಉತ್ತರ. ಅದು ನಿಮ್ಮ ಪ್ರಶ್ನೆಪತ್ರಿಕೆಯ ಹತ್ತು ಅಂಕದ ಪ್ರಶ್ನೆ. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತವನ ಕೈಯಲ್ಲಿ ಅದಕ್ಕೆ ಉತ್ತರ ಬರೆಸುವುದು ಯಾವ ನ್ಯಾಯ?

ಕಣ್ಣೆದುರು ಇರುವುದನ್ನು ಕೇಳಿ. ‘ಈಗ ಟಿವೀಲಿ ಏನ್ ಬಂತು ಅಣ್ಣ?’ ಅವರು ಕಥೆ ಹೇಳಲಿ, ತಿದ್ದಬೇಡಿ. ಆಮೇಲೆ ‘ಯಾರದು ತಪ್ಪು ಅಂತೀರಿ?’ ಕೊನೆಗೆ, ‘ಸೌಂಡ್ ಇರಲಿಲ್ಲವಲ್ಲ, ನಿಮಗೆ ಹೇಗೆ ಗೊತ್ತಾಯ್ತು?’ ಈ ಮೂರನೇ ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಅವರು ನಗುತ್ತಾರೆ, ಕನ್ನಡಿ ನೋಡುತ್ತಾರೆ, ಪಕ್ಕದವನನ್ನು ಸಾಕ್ಷಿಗೆ ಕರೆಯುತ್ತಾರೆ. ಆ ತಡವರಿಕೆಯಲ್ಲೇ ನಿಮ್ಮ ಚಿತ್ರವಿದೆ. ನಮ್ಮ ಮಕ್ಕಳು ಅಲ್ಲಿಗೇ ‘ಕಟ್’ ಎಂದು ಬಿಡುತ್ತಾರೆ.

ಇದು ನನ್ನ ಹಟವೇನಲ್ಲ. ಹಾಲ್ ಹೇಳಿದ್ದನ್ನು ಪರೀಕ್ಷಿಸಲು ಹೊರಟ ಡೇವಿಡ್ ಮೋರ್ಲಿ, ಬಿಬಿಸಿಯ ‘ನೇಷನ್‌ವೈಡ್’ ಕಾರ್ಯಕ್ರಮವನ್ನು ಬೇರೆ ಬೇರೆ ವರ್ಗ, ವೃತ್ತಿಗಳ ಗುಂಪುಗಳಿಗೆ ತೋರಿಸಿ ಅದರ ಮೇಲೇ ಮಾತಾಡಿಸಿದರು. ಆ ಪುಸ್ತಕ ಬಂದದ್ದು 1980ರಲ್ಲಿ. ಜನ ಟಿವಿ ನೋಡುವುದು ಮನೆಯಲ್ಲಲ್ಲವೇ ಎಂದು ಆಮೇಲೆ ದಕ್ಷಿಣ ಲಂಡನ್ನಿನ ಮನೆಗಳಿಗೇ ಹೋದರು. 1986ರ ‘ಫ್ಯಾಮಿಲಿ ಟೆಲಿವಿಷನ್’ ಓದಿದರೆ ಅಲ್ಲೂ ರಿಮೋಟು ಹೆಚ್ಚಾಗಿ ಅಪ್ಪನ ಕೈಯಲ್ಲೇ ಇದ್ದದ್ದು ಕಾಣುತ್ತದೆ.

ಚಿತ್ರೀಕರಣ

ಥಿಯರಿ ಕ್ಯಾಮೆರಾ ಇಡುವ ಜಾಗದಲ್ಲಿ ಕಾಣಬೇಕು. ಪ್ರಶ್ನೆ ಕನ್ನಡಿಯದಾದರೆ ಕ್ಯಾಮೆರಾ ಗಿರಾಕಿಯ ಕಣ್ಣಿನ ಎತ್ತರದಲ್ಲಿ, ಕನ್ನಡಿಯ ಕಡೆ ಮುಖ ಮಾಡಿರಲಿ. ಟಿವಿಯನ್ನು ನೇರವಾಗಿ ತೋರಿಸಬೇಡಿ, ನೋಡುಗನಿಗೂ ತಿರುಗುಮುರುಗಾಗಿಯೇ ಕಾಣಲಿ. ಮಾತು ಸ್ಪಷ್ಟವಾಗಲಿ ಎಂದು ಎಫ್‌ಎಂ ಆರಿಸುವಂತಿಲ್ಲ, ನೀವು ಅಧ್ಯಯನ ಮಾಡುತ್ತಿರುವುದೇ ಅದನ್ನು. ಕಾಲರ್ ಮೈಕ್ ಹಾಕಿ, ಅಂಗಡಿಯ ಒಟ್ಟು ಸದ್ದನ್ನು ಒಂದು ನಿಮಿಷ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಎಡಿಟಿಂಗ್‌ನಲ್ಲಿ ಕೊಳಲು, ವೀಣೆ ಸೇರಿಸುವ ಚಪಲ ಬೇಡ. ಸಿನಿಮಾ ಹಾಡು ಕೇಳಿಬರುವ ಚಿತ್ರವನ್ನು ಯೂಟ್ಯೂಬ್‌ಗೆ ಹಾಕಿದರೆ ಕಾಪಿರೈಟ್ ಕ್ಲೈಮ್ ಬರಬಹುದು, ಮೊದಲೇ ಗೈಡ್ ಜೊತೆ ಮಾತಾಡಿ.

ಪ್ರತಿದಿನ ಸಂಜೆ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಇವತ್ತು ಏನು ನಿರ್ಧರಿಸಿದೆ, ಯಾಕೆ, ಯಾವುದನ್ನು ಬಿಟ್ಟೆ. ಪ್ರಬಂಧದ ಕಚ್ಚಾಮಾಲು ಅದೇ. ನಾಲ್ಕನೆಯವನೊಬ್ಬ ಹಾಲ್‌ನ ಮೂರೂ ಮನೆಗೆ ಸೇರದಿದ್ದರೆ, ಉದಾಹರಣೆಗೆ ಸುದ್ದಿಯನ್ನೇ ನೋಡದೆ ನಿದ್ದೆ ಹೊಡೆದರೆ, ಅವನನ್ನು ಕತ್ತರಿಸಬೇಡಿ. ಥಿಯರಿಗೆ ನಿಮ್ಮ ಕಡೆಯಿಂದ ಒಂದು ಮಾತು ಸೇರಿಸುವ ಅವಕಾಶ ಅವನೇ.

ಕೊನೆಗೆ, ಚುಟುಕಾಗಿ

ಮಾಲೀಕರ ಮತ್ತು ಮಾತಾಡಿದ ಪ್ರತಿಯೊಬ್ಬರ ಒಪ್ಪಿಗೆ ಕನ್ನಡದಲ್ಲೇ ಬರೆಸಿಕೊಳ್ಳಿ. ಕನ್ನಡಿಯಲ್ಲಿ ಬಿದ್ದವರೂ ಲೆಕ್ಕಕ್ಕೆ. ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿ. ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆಯುವುದುಂಟು, ಟೈಟಲ್ ಕಾರ್ಡ್ ಅಕ್ಷರ ಅಕ್ಷರ ನೋಡಿ. ವೈವಾದ ಹಿಂದಿನ ದಿನ ವಿಭಾಗದ ಪ್ರೊಜೆಕ್ಟರಿನಲ್ಲೇ ಒಮ್ಮೆ ಪೂರ್ತಿ ಓಡಿಸಿ. ಅಲ್ಲಿನ ಸ್ಪೀಕರ್ ಕೆಲಸ ಮಾಡುತ್ತಿರುತ್ತದೆ ಎಂದು ಮಾತ್ರ ನಂಬಬೇಡಿ, ಒಂದು ಬ್ಲೂಟೂತ್ ಸ್ಪೀಕರ್ ಬ್ಯಾಗಿನಲ್ಲಿರಲಿ.