ರಕ್ತದೊತ್ತಡವೂ ಆಶಾ ಕಾರ್ಯಕರ್ತೆಯೂ



ಬೆಳೆಗೆ ರೋಗ ತಗಲಿದರೆ ಎಲೆಯೇ ಹೇಳುತ್ತದೆ. ರಕ್ತದೊತ್ತಡ ಏರಿದರೆ ಬಹುಮಂದಿಗೆ ಯಾವ ನೋವೂ ತೋರದು. ಆದರೂ ಅದು ಒಳಗಿಂದೊಳಗೇ ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಲಕ್ವ ಹೊಡೆಯಲೂ ಕಾರಣವಾಗುತ್ತದೆ. ಆದುದರಿಂದ 30 ವರ್ಷ ದಾಟಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಅಳತೆ ಮತ್ತೆ ಮತ್ತೆ 140/90 ಅಥವಾ ಅದಕ್ಕೆ ಮೇಲ್ಪಟ್ಟು ಬಂದರೆ ವೈದ್ಯರನ್ನು ಕಾಣಿರಿ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಊರೂರಿಗೆ ಬಂದ ಆಶಾ ಕಾರ್ಯಕರ್ತೆ ಈಗ ತಾಯಿ ಮಕ್ಕಳ ಆರೈಕೆಯ ಜೊತೆಗೆ ಇದನ್ನೂ ವಿಚಾರಿಸುತ್ತಾರೆ. ಅವರು ಹೇಳುವುದನ್ನು ಮನೆಮಂದಿಯೆಲ್ಲ ಕೇಳಿರಿ:

1. ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರದಿರಲಿ.
2. ಬೀಡಿ, ಹೊಗೆಸೊಪ್ಪು, ಹೆಂಡ ಬಿಡಿರಿ.
3. ಮೈ ಹಗುರಾಯಿತೆಂದು ಮಾತ್ರೆ ನಿಲ್ಲಿಸಬೇಡಿರಿ. ವೈದ್ಯರು ಹೇಳುವವರೆಗೂ ನುಂಗಲೇಬೇಕು.

ಮಾತ್ರೆ ತಪ್ಪಿದ್ದರೆ ಆಕೆಯಲ್ಲಿ ಮುಚ್ಚಿಡದೆ ಹೇಳಿರಿ. ದುಡಿಯುವ ಆಳು ಮಲಗಿದರೆ ಹೊಲವೂ ಬೀಳು ಬೀಳುತ್ತದೆ.