ಗುಂಯ್‌ಗುಡುವ ಗಿಟಾರ್

ತಂತಿ ಮುಟ್ಟಿದ ಕೂಡಲೇ ಸದ್ದು ಇಳಿಯುತ್ತದೆ ಎಂದಿದ್ದೀರಿ. ಹಾಗಾದರೆ ಬ್ರಿಡ್ಜ್‌ನ ಅರ್ತ್ ವೈರ್ ಸರಿಯಾಗಿಯೇ ಇದೆ. ಕೊರತೆ ಇರುವುದು ಶೀಲ್ಡಿಂಗ್‌ನಲ್ಲಿ. ಪಿಕ್‌ಗಾರ್ಡ್ ಬಿಚ್ಚಿ, ಒಳಗಿನ ಗುಳಿಗೂ ಪಿಕ್‌ಗಾರ್ಡ್‌ನ ಹಿಂಬದಿಗೂ ತಾಮ್ರದ ಟೇಪ್ ಅಂಟಿಸಿ. ಗುಳಿಯ ಟೇಪಿನಿಂದ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಒಂದು ವೈರ್ ಬೆಸೆಯಲೇಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ದಂಡ. ಚರಚರ ಸದ್ದು ಇದರಿಂದ ತಗ್ಗುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್‌ನಿಂದ ಬರುವ 50 ಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ ಈ ತೆಳು ತಾಮ್ರ ಲೆಕ್ಕಕ್ಕಿಲ್ಲ; ಸಿಂಗಲ್ ಕಾಯಿಲ್ ಪಿಕಪ್ ಅದನ್ನು ಹಿಡಿಯುತ್ತಲೇ ಇರುತ್ತದೆ. ಆಂಪ್‌ನಿಂದ ದೂರ ನಿಂತು, ಗಿಟಾರನ್ನು ಸ್ವಲ್ಪ ತಿರುಗಿಸಿ ನೋಡಿ. ಅದೂ ಸಾಲದಿದ್ದರೆ ಹಂಬಕರ್ ಪಿಕಪ್ ಹಾಕಿಸಿ. 1955ರಲ್ಲಿ ಗಿಬ್ಸನ್‌ನ ಸೇಥ್ ಲವರ್ ಅದನ್ನು ರೂಪಿಸಿದ್ದೇ ಈ ಕಾಟಕ್ಕೆ. ಗೆಳೆಯರ ಮಾತು ಕೇಳಿ ಆಂಪ್ ಪ್ಲಗ್‌ನ ಅರ್ತ್ ಪಿನ್ ಮಾತ್ರ ತೆಗೆಯಬೇಡಿ. ಆಂಪ್ ಕೆಟ್ಟರೆ ಕರೆಂಟ್ ನೇರ ತಂತಿಗೇ ಬಂದೀತು.